ಹಲ್ಲಿನ ದವಾಖಾನೆಯ ತಪಾಸಣಾ ವರದಿ ಬಾಗಿಲಿಗೆ ಬರಲಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಜಿಲ್ಲೆಯ ನೂರೆಂಟು ಕೆಲಸಗಳ ನಡುವೆ ನಿಮಗೆ ಇನ್ನೊಂದು ಕುರ್ಚಿಯೂ ಇದೆ. ಎಲ್ಲರೂ ಕೆಪಿಎಂಇ ಎಂದು ಕರೆಯುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಈ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಆ ಕುರ್ಚಿಯಲ್ಲಿ ಕೂತಾಗ ಓದಲಿ ಎಂದು ಈ ಪತ್ರ. ಕೇಳುವುದು ಇಷ್ಟೇ: ಹಲ್ಲಿನ ದವಾಖಾನೆಗಳ ತಪಾಸಣೆಗೆ ಹೋದವರು ಕಾಗದದ ಜತೆಗೆ ಉಪಕರಣವನ್ನೂ ನೋಡಲಿ, ನೋಡಿದ್ದನ್ನು ಕನ್ನಡದಲ್ಲಿ ಬರೆದು ಆಯಾ ದವಾಖಾನೆಯ ಬಾಗಿಲಿಗೆ ಹಚ್ಚಲಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ಸೇವೆಯ ಬಹುಪಾಲು ಕಳೆದದ್ದು ಆಪರೇಷನ್ ಥಿಯೇಟರಿನಲ್ಲಿ, ಅದರಲ್ಲೂ ಉಪಕರಣ ತೊಳೆದು, ಒಣಗಿಸಿ, ಕಟ್ಟಿ, ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಹಾಕುವ ಕೋಣೆಯಲ್ಲಿ. ಹಾಗಾಗಿ ಯಾವ ದವಾಖಾನೆಗೆ ಹೋದರೂ ನನ್ನ ಕಣ್ಣು ಡಾಕ್ಟರ ಡಿಗ್ರಿಗಿಂತ ಮೊದಲು ಹಿಂದಿನ ಸಿಂಕಿನ ಕಡೆ ಹೋಗುತ್ತದೆ. ಮನೆಯವರಿಗೆ ಇದು ಮುಜುಗರ, ಆದರೆ ಚಾಳಿ ಬಿಟ್ಟಿಲ್ಲ.

ಸದ್ಯ ನಮ್ಮಲ್ಲಿ ತಪಾಸಣೆ ಎಂದರೆ ಎರಡು ಸಂದರ್ಭ. ಒಂದು, ನೋಂದಣಿ ಅಥವಾ ಐದು ವರ್ಷಕ್ಕೊಮ್ಮೆ ನವೀಕರಣ ಮಾಡುವಾಗ. ಇನ್ನೊಂದು, ‘ನಕಲಿ ವೈದ್ಯರ ಮೇಲೆ ದಾಳಿ’ ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬರುವಾಗ. ದಾಳಿ ಬೇಡ ಎನ್ನುವವಳು ನಾನಲ್ಲ. 1948ರ ದಂತವೈದ್ಯರ ಕಾಯ್ದೆ ಬಂದಾಗಿನಿಂದ ನೋಂದಣಿ ಇಲ್ಲದವರು ಹಲ್ಲಿಗೆ ಕೈ ಹಾಕುವಂತಿಲ್ಲ. ಸಂತೆಯಲ್ಲಿ ಬಟ್ಟೆ ಹಾಸಿ ಹಲ್ಲು ಕೀಳುವವರನ್ನೂ, ಬಿಡಿಎಸ್ ಓದದೆ ಹಲ್ಲಿನ ಸೆಟ್ ಕಟ್ಟಿಕೊಡುವವರನ್ನೂ ಎಬ್ಬಿಸಬೇಕಾದದ್ದೇ. ಆದರೆ ಅಸಲಿ ಡಾಕ್ಟರ ಅಸಲಿ ದವಾಖಾನೆಯೊಳಗೆ ಏನು ನಡೆಯುತ್ತದೆ ಎಂದು ನೋಡುವವರು ಯಾರು? ಸರ್ಟಿಫಿಕೇಟ್ ಗೋಡೆಯ ಮೇಲಿದೆ, ದರಪಟ್ಟಿ ಇದೆ, ಫಲಕದ ಮೇಲೆ ಕೆಪಿಎಂಇ ಸಂಖ್ಯೆ ಇದೆ ಎಂದು ಗುರುತು ಹಾಕಿಕೊಂಡು ಬಂದರೆ ಅದು ತಪಾಸಣೆಯಲ್ಲ. ಡ್ರೈವರನ ಲೈಸೆನ್ಸ್ ನೋಡಿ ಬಸ್ಸಿನ ಬ್ರೇಕ್ ಸರಿ ಇದೆ ಎಂದು ಬರೆದುಕೊಂಡ ಹಾಗೆ. 2024ರಲ್ಲಿ ಸರ್ಕಾರ ಫಲಕದ ಬಣ್ಣದ ಬಗ್ಗೆಯೂ ಸುತ್ತೋಲೆ ಹೊರಡಿಸಿತು: ಅಲೋಪಥಿಗೆ ತಿಳಿ ನೀಲಿ, ಆಯುರ್ವೇದಕ್ಕೆ ತಿಳಿ ಹಸಿರು. ಒಳ್ಳೆಯದೇ. ಉಗಿ ತಾಗಿತೆಂದು ಬಣ್ಣ ಬದಲಿಸಿ ತೋರಿಸುವ ಆಟೋಕ್ಲೇವಿನ ಪಟ್ಟಿಯನ್ನೂ ಅಷ್ಟೇ ಆಸ್ಥೆಯಿಂದ ನೋಡಿದ್ದರೆ ನಾನು ಈ ಪತ್ರ ಬರೆಯಬೇಕಾಗಿರಲಿಲ್ಲ.

ನನ್ನ ತಂಗಿಯ ದವಡೆ ಹಲ್ಲು ಕೀಳಿಸಲು ನಗರದ ಒಂದು ದವಾಖಾನೆಗೆ ಹೋಗಿದ್ದೆವು. ಹೆಸರು ಬೇಡ, ಏಕೆಂದರೆ ಅದೊಂದರ ಮಾತಲ್ಲ ಇದು. ಹೊರಗೆ ಎಸಿ, ಗಾಜಿನ ಬಾಗಿಲು, ಟಿವಿ, ನಗುವ ಹಲ್ಲಿನ ದೊಡ್ಡ ಪೋಸ್ಟರ್. ಡಾಕ್ಟರು ನೋಂದಾಯಿತರು, ಕೈ ಹಗುರ, ಮಾತು ಮೃದು. ತಂಗಿಯನ್ನು ಕುರ್ಚಿಯಲ್ಲಿ ಮಲಗಿಸಿದಾಗ ಪಕ್ಕದ ಟ್ರೇಯಲ್ಲಿ ಲಿಗ್ನೋಕೇನ್ ಬಾಟಲಿ ಕಂಡಿತು. ಅರಿವಳಿಕೆ ಕೊಡುವ 30 ಮಿಲಿಯ ಬಾಟಲಿ, ಅರ್ಧ ಖಾಲಿ. ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿಯೇ ಬಿಟ್ಟಿದ್ದರು. ಪ್ರತಿ ಸಲ ಹೊಸ ಸೂಜಿ ಚುಚ್ಚುವ ತಾಪತ್ರಯ ತಪ್ಪಲೆಂದು ಅದೇ ಸೂಜಿಗೆ ಸಿರಿಂಜ್ ಸಿಕ್ಕಿಸಿ ಔಷಧ ಎಳೆದುಕೊಳ್ಳುವುದು. ಹಾಗೆ ಬಿಟ್ಟ ಸೂಜಿ ಬಾಟಲಿಗೆ ತೆರೆದ ಬಾಗಿಲು. ಫ್ಯಾನಿನ ಗಾಳಿ, ಡ್ರಿಲ್ಲಿನಿಂದ ಎದ್ದ ತುಂತುರು, ಬೆರಳಿನ ತೇವ ಎಲ್ಲಕ್ಕೂ ಅದೇ ದಾರಿ. ಯಾವನೋ ಒಬ್ಬನಿಗೆ ಒಂದು ಡೋಸ್ ಸಾಲದೆ ಅದೇ ಸಿರಿಂಜಿನಿಂದ ಮತ್ತೆ ಎಳೆದರಂತೂ ಅವನ ರಕ್ತದ ಅಂಶ ಬಾಟಲಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಆ ಬಾಟಲಿ ಮುಗಿಯುವವರೆಗೆ ಕೂತ ಪ್ರತಿಯೊಬ್ಬರಿಗೂ ಅದರ ಪಾಲು. ಒಬ್ಬರಿಗೆ ಒಂದೇ ಎನ್ನುವ 1.8 ಮಿಲಿಯ ಕಾರ್ಟ್ರಿಜ್‌ಗಳು ಪೇಟೆಯಲ್ಲಿ ಸಿಗುತ್ತವೆ. ತುಟ್ಟಿ ಎಂದು ಬಿಡುತ್ತಾರೆ.

ನಾನು ಹೊಸ ಬಾಟಲಿ ಕೇಳಿದೆ. ಡಾಕ್ಟರು ಬೇಸರ ಮಾಡಿಕೊಳ್ಳದೆ ತೆಗೆಸಿಕೊಟ್ಟರು, ಅದು ಅವರ ಒಳ್ಳೆಯತನ. ಅಷ್ಟರಲ್ಲಿ ಸಹಾಯಕಿ ಹುಡುಗಿ ಹಲ್ಲು ಕೀಳುವ ಫೋರ್ಸೆಪ್ಸನ್ನು ನೀಲಿ ಬೆಳಕಿನ ಡಬ್ಬಿಯಿಂದ ತೆಗೆದಳು. ಯುವಿ ಚೇಂಬರ್, ಅಂದರೆ ಅತಿನೇರಳೆ ಬೆಳಕಿನ ಡಬ್ಬಿ. ‘ಇದು ಆಟೋಕ್ಲೇವಿನಾಗ ಹಾಕಿದ್ದೇನವಾ?’ ಎಂದೆ. ‘ಇದರಾಗ ಇಟ್ರ ಎಲ್ಲಾ ಸಾಯ್ತಾವ್ರಿ’ ಎಂದಳು, ಪೂರ್ತಿ ನಂಬಿಕೆಯಿಂದ. ಆಟೋಕ್ಲೇವ್ ಎಲ್ಲಿ ಎಂದರೆ ಮೂಲೆ ತೋರಿಸಿದಳು. ಕುಕ್ಕರ್ ಮಾದರಿಯ ಹಳೆಯ ಯಂತ್ರ, ಅದರ ಮುಚ್ಚಳದ ಮೇಲೆ ಬಿಲ್ ಬುಕ್ಕುಗಳು, ಒಂದು ಕ್ಯಾಲೆಂಡರ್. ನಾನು ಬಗ್ಗಿ ನೋಡುವುದನ್ನು ಕಂಡು ನಕ್ಕಳು: ‘ಯಾಕ್ರಿ ಅಕ್ಕಾ, ಇನ್ಸ್‌ಪೆಕ್ಷನ್‌ಕ್ಕ ಬಂದೀರೇನು?’

ಆ ಹುಡುಗಿಯದು ತಪ್ಪಿಲ್ಲ. ಯುವಿ ಡಬ್ಬಿ ಈಗಾಗಲೇ ಶುದ್ಧವಾದದ್ದನ್ನು ಕಾಪಿಡುವುದಕ್ಕೆ, ಶುದ್ಧ ಮಾಡುವುದಕ್ಕಲ್ಲ, ಬೆಳಕು ಬೀಳದ ಸಂದಿಯಲ್ಲಿ ಅದು ಏನೂ ಮಾಡದು ಎಂದು ಅವಳಿಗೆ ಯಾರೂ ಹೇಳಿಲ್ಲ. ಪಿಯುಸಿ ಓದಿ ಕೆಲಸಕ್ಕೆ ಸೇರಿದವಳು. ಚೀಟಿ ಬರೆಯುವುದು, ನೆಲ ಒರೆಸುವುದು, ಉಪಕರಣ ತೊಳೆಯುವುದು, ಫೋನ್ ಎತ್ತುವುದು ಎಲ್ಲವೂ ಅವಳದೇ. ರೋಗಿಯ ಸುರಕ್ಷತೆ ಕೊನೆಗೆ ನಿಂತಿರುವುದು ಅವಳ ಕೈಯಲ್ಲಿ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆಯಾದರೂ ಆಗಿದೆಯೇ? ಲಸಿಕೆ ಕೊಡಿಸಬೇಕಾದದ್ದು ದವಾಖಾನೆಯ ಹೊಣೆ ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳುತ್ತವೆ. ಕೇಳಿದರೆ ತೋಳಿನ ಮೇಲೆ ಚಿಕ್ಕಂದಿನ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಗುರುತು ತೋರಿಸಿದಳು.

ಸ್ವಲ್ಪ ವಿವರಕ್ಕೆ ಹೋಗುತ್ತೇನೆ, ಏಕೆಂದರೆ ತಪಾಸಣೆಗೆ ಹೋಗುವವರಿಗೆ ಏನು ನೋಡಬೇಕೆಂದು ಗೊತ್ತಿಲ್ಲದಿದ್ದರೆ ಅವರು ಕಾಗದವನ್ನೇ ನೋಡುತ್ತಾರೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಜೀವಂತ ಇರಬಲ್ಲದು. ಕುದಿಯುವ ನೀರಿಗೆ ಬ್ಯಾಕ್ಟೀರಿಯಾದ ಬೀಜಕಗಳು ಬಗ್ಗುವುದಿಲ್ಲ. ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಹತ್ತು ಗಂಟೆ ಮುಳುಗಿಸಿದರೆ ಮಾತ್ರ ಪೂರ್ತಿ ಕ್ರಿಮಿನಾಶ. ಇಬ್ಬರು ರೋಗಿಗಳ ನಡುವೆ ಹತ್ತು ನಿಮಿಷ ಅದ್ದಿ ತೆಗೆದರೆ ವಾಸನೆ ಬರುತ್ತದೆ, ಅಷ್ಟೇ. ನಂಬಬಹುದಾದದ್ದು ಒತ್ತಡದ ಉಗಿ: 121 ಡಿಗ್ರಿಯಲ್ಲಿ 15 ಪೌಂಡ್ ಒತ್ತಡಕ್ಕೆ ಹದಿನೈದು ಇಪ್ಪತ್ತು ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಕೆಲವೇ ನಿಮಿಷ. ಅದೂ ಒಳಗಿನ ಗಾಳಿ ಪೂರ್ತಿ ಹೊರಗೆ ಹೋದರೆ. ನಡುವೆ ಕರೆಂಟ್ ಹೋಗಿ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಕಲಬುರಗಿಯ ಬೇಸಿಗೆಯಲ್ಲಿ ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಬೋರ್‌ವೆಲ್ಲಿನ ಗಡುಸು ನೀರನ್ನೇ ಸುರಿದರೆ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿ ವಾಲ್ವ್ ಕೂತುಬಿಡುತ್ತದೆ. ಡಿಸ್ಟಿಲ್ಡ್ ನೀರೇ ಆಗಬೇಕು.

ಇನ್ನು ಹಲ್ಲು ಕೊರೆಯುವ ಹ್ಯಾಂಡ್‌ಪೀಸ್. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವ ಅದು ನಿಂತ ಕ್ಷಣ ಬಾಯಿಯ ಎಂಜಲು, ರಕ್ತವನ್ನು ತನ್ನ ಸಣ್ಣ ಕೊಳವೆಗಳೊಳಗೆ ಎಳೆದುಕೊಳ್ಳಬಲ್ಲದು. ಹೊರಗೆ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೆ ಒಳಗಿನದು ಒಳಗೇ. ಅದಕ್ಕೇ ಪ್ರತಿ ರೋಗಿಗೂ ಬೇರೆ ಹ್ಯಾಂಡ್‌ಪೀಸ್, ಪ್ರತಿಯೊಂದೂ ಆಟೋಕ್ಲೇವ್ ಆಗಿ ಬಂದದ್ದು ಬೇಕು. ಇಂಥ ಟೊಳ್ಳು ಉಪಕರಣಕ್ಕೆ ಗಾಳಿಯನ್ನು ಹೀರಿ ತೆಗೆಯುವ ‘ಬಿ’ ದರ್ಜೆಯ ಆಟೋಕ್ಲೇವೇ ಸರಿ. ತಪಾಸಣೆಗೆ ಹೋದವರು ಎರಡು ಲೆಕ್ಕ ಕೇಳಿದರೆ ಸಾಕು: ಸಂಜೆ ಎಷ್ಟು ರೋಗಿಗಳು ಬರುತ್ತಾರೆ, ಹ್ಯಾಂಡ್‌ಪೀಸ್ ಎಷ್ಟಿವೆ? ಇಪ್ಪತ್ತು ರೋಗಿಗಳಿಗೆ ಎರಡೇ ಇದ್ದರೆ ಉಳಿದದ್ದನ್ನು ಯಾರಾದರೂ ಊಹಿಸಬಹುದು.

ಇದೆಲ್ಲ ಅತಿಯಾಯಿತು ಎನ್ನುವವರಿಗೆ ವಾಣಿಯಂಬಾಡಿಯ ಹೆಸರು ನೆನಪಿಸುತ್ತೇನೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಸಿಗುವ ಊರು. 2023ರಲ್ಲಿ ಅಲ್ಲಿನ ಒಂದು ಹಲ್ಲಿನ ದವಾಖಾನೆಗೆ ಹೋಗಿ ಬಂದ ಹತ್ತು ಜನರಿಗೆ ಮೆದುಳಿಗೆ ಏರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತಗುಲಿದ್ದು ಪತ್ತೆಯಾಯಿತು. ಎಂಟು ಜನ ಸತ್ತರು. ಹಲ್ಲುನೋವಿಗೆ ಹೋದವರು! ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರೂ ಸೇರಿ ತನಿಖೆ ಮಾಡಿದಾಗ ಬೆರಳು ತೋರಿದ್ದು ಒಂದು ಸಲೈನ್ ಬಾಟಲಿಯ ಕಡೆ. ಬಾಯಿಯ ಶಸ್ತ್ರಚಿಕಿತ್ಸೆಗೆ ಬಳಸುವ ಉಪಕರಣದಿಂದಲೇ ಮುಚ್ಚಳ ತೆರೆದು, ಹತ್ತಿ ತುರುಕಿ ಇಟ್ಟು, ಅದೇ ಬಾಟಲಿಯನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಈ ಸಂಗತಿ ಊರಿನ ಜನರಿಗೆ, ದೇಶಕ್ಕೆ ಸರಿಯಾಗಿ ಗೊತ್ತಾದದ್ದು ಸಂಶೋಧನಾ ಪ್ರಬಂಧ ಅಚ್ಚಾದ ಮೇಲೆ, 2025ರಲ್ಲಿ. ಎರಡು ವರ್ಷ ತಡ. ಸೂಜಿ ಚುಚ್ಚಿಟ್ಟ ಲಿಗ್ನೋಕೇನ್ ಬಾಟಲಿಗೂ ಹತ್ತಿ ತುರುಕಿದ ಸಲೈನ್ ಬಾಟಲಿಗೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ.

ನಮ್ಮಲ್ಲಿ ನೋಡುವವರೇ ಇಲ್ಲವೆಂದಲ್ಲ. ಬೇಕಾದಷ್ಟು ಜನ ಇದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಡಾಕ್ಟರ ಪದವಿ, ನೋಂದಣಿ ನೋಡುವುದು ಬೆಂಗಳೂರಿನಲ್ಲಿರುವ ರಾಜ್ಯ ದಂತ ಪರಿಷತ್ತು. ಎಕ್ಸ್‌ರೇ ಯಂತ್ರ ನೋಡುವುದು ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಕಸ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಹಾಸಿಗೆ ಇಲ್ಲದ ದವಾಖಾನೆಗೆ ಆ ಮಂಡಳಿಯ ಅನುಮತಿ ಒಂದೇ ಸಲದ್ದು, ಒಮ್ಮೆ ಪಡೆದರೆ ಮುಗಿಯಿತು. ದರಪಟ್ಟಿ, ಫಲಕ ನಿಮ್ಮ ಪ್ರಾಧಿಕಾರಕ್ಕೆ. ಕಿತ್ತ ಹಲ್ಲು ಹಳದಿ ಚೀಲಕ್ಕೆ, ಸೂಜಿಗಳು ತೂತಾಗದ ಬಿಳಿ ಡಬ್ಬಿಗೆ, ಕೈಗವಸು ಕೆಂಪಿಗೆ ಎಂಬ ನಿಯಮ ಗೋಡೆಯ ಮೇಲೆ ಬಣ್ಣಬಣ್ಣವಾಗಿ ಅಂಟಿಸಿರುತ್ತದೆ. ಕೆಳಗೆ ಇರುವುದು ಒಂದೇ ಕರಿ ಚೀಲ, ಬೆಳಿಗ್ಗೆ ಅದು ಪಾಲಿಕೆಯ ಗಾಡಿಗೆ. ಕಸ ಆಯುವ ಹೆಣ್ಣುಮಗಳ ಬೆರಳಿಗೆ ಸೂಜಿ ಚುಚ್ಚಿದರೆ ಅದು ಯಾವ ಇಲಾಖೆಯ ಕಡತಕ್ಕೆ ಹೋಗುತ್ತದೋ ಕಾಣೆ. ಇಡೀ ಕೋಣೆಯನ್ನು ಒಟ್ಟಿಗೆ ನೋಡುವ ಅಧಿಕಾರ ಈ ಜಿಲ್ಲೆಯಲ್ಲಿ ಯಾರಿಗಾದರೂ ಇದ್ದರೆ ಅದು ನಿಮಗೆ. ಅದಕ್ಕೇ ಬೆಂಗಳೂರಿಗೆ ಬರೆಯದೆ ಮಿನಿ ವಿಧಾನಸೌಧಕ್ಕೆ ಬರೆಯುತ್ತಿದ್ದೇನೆ.

ತಜ್ಞರಿಲ್ಲ ಎಂಬ ಉತ್ತರ ಬರಬಹುದು. ಕಲಬುರಗಿಗೆ ಆ ನೆಪ ಒಪ್ಪುವುದಿಲ್ಲ. ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್ ಗ್ರಾಮೀಣ ದಂತ ಕಾಲೇಜು ಎರಡೂ ಇಲ್ಲೇ ಇವೆ. ತಪಾಸಣಾ ತಂಡಕ್ಕೆ ಅಲ್ಲಿನ ಸಮುದಾಯ ದಂತ ಆರೋಗ್ಯ ವಿಭಾಗದಿಂದ ಒಬ್ಬ ಪ್ರಾಧ್ಯಾಪಕರನ್ನು ಸರದಿಯ ಮೇಲೆ ಕರೆದರೆ ಆಯಿತು. ಆಟೋಕ್ಲೇವ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಬೀಜಕಗಳಿರುವ ಪಟ್ಟಿಯನ್ನು ಉಪಕರಣಗಳ ಜತೆ ಒಳಗಿಟ್ಟು, ಆಮೇಲೆ ಲ್ಯಾಬಿನಲ್ಲಿ ಬೆಳೆಸಿ ನೋಡುತ್ತಾರೆ. ಏನೂ ಬೆಳೆಯದಿದ್ದರೆ ಯಂತ್ರ ಸರಿ. ವಾರಕ್ಕೊಮ್ಮೆ ಮಾಡಬೇಕಾದ ಪರೀಕ್ಷೆ ಇದು. ಇದನ್ನು ಓದಲು ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನ ಸೂಕ್ಷ್ಮಜೀವಿ ವಿಭಾಗ ಸಾಕು. ತಾಲ್ಲೂಕು ಆರೋಗ್ಯಾಧಿಕಾರಿ ಪಟ್ಟಿ ಕೊಟ್ಟು ಮೊಹರು ಹಾಕಿ ವಾಪಸ್ ತರಲಿ. ಇದಕ್ಕೆ ಹೊಸ ಇಲಾಖೆ, ಹೊಸ ಕಾಯ್ದೆ, ಹೊಸ ಆ್ಯಪ್ ಯಾವುದೂ ಬೇಡ.

ವರದಿಯನ್ನು ಬಹಿರಂಗ ಮಾಡಿ ಎಂದಾಗ ಹುಬ್ಬು ಏರುತ್ತದೆಂದು ಬಲ್ಲೆ. ಇಂಗ್ಲೆಂಡಿನಲ್ಲಿ ಇದು ಮಾಮೂಲಿ ವಿಷಯ. ಅಲ್ಲಿ 2011ರಿಂದ ಹಲ್ಲಿನ ದವಾಖಾನೆಗಳೆಲ್ಲ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಆರಿಸಿ ನೋಡುತ್ತಾರೆ, ಇನ್‌ಸ್ಪೆಕ್ಟರ ಜತೆ ಒಬ್ಬ ದಂತವೈದ್ಯ ಸಲಹೆಗಾರರೂ ಹೋಗುತ್ತಾರೆ. ಕಂಡದ್ದೆಲ್ಲ ಸಂಸ್ಥೆಯ ಜಾಲತಾಣದಲ್ಲಿ ಬರುತ್ತದೆ: ತುರ್ತು ಔಷಧದ ಅವಧಿ ಮೀರಿತ್ತು, ಸಿಬ್ಬಂದಿಯ ಲಸಿಕೆಯ ದಾಖಲೆ ಇರಲಿಲ್ಲ ಎನ್ನುವ ಮಟ್ಟದ ವಿವರ. ಹಲ್ಲಿನ ದವಾಖಾನೆಗಳಿಗೆ ಅಂಕ, ದರ್ಜೆ ಕೊಡುವುದಿಲ್ಲ. ಸರಿ ಇತ್ತೋ ಇಲ್ಲವೋ, ಇಲ್ಲದಿದ್ದರೆ ಏನು ಸರಿಪಡಿಸಬೇಕು, ಇಷ್ಟೇ. ನನಗೂ ಅದೇ ಹಿಡಿಸಿತು. ನಮ್ಮಲ್ಲಿ ಸ್ಟಾರ್ ಹಂಚಲು ಶುರು ಮಾಡಿದರೆ ನಾಳೆ ಬೆಳಿಗ್ಗೆಯೇ ಸ್ಟಾರ್ ಮಾರುವವರು ಹುಟ್ಟುತ್ತಾರೆ.

ದಂತವೈದ್ಯರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಸಾಲ ಮಾಡಿ ಓದಿ, ಸಾಲ ಮಾಡಿ ಕುರ್ಚಿ ಹಾಕಿ, ಸೂಪರ್ ಮಾರ್ಕೆಟ್ ಸುತ್ತಲಿನ ಬಾಡಿಗೆ ಕಟ್ಟಿ, ಬಾಜೂ ಗಲ್ಲಿಯವ ನೂರು ರೂಪಾಯಿ ಕಡಿಮೆ ಮಾಡಿದ ಎಂದು ತಾವೂ ಇಳಿಸಿ ಕೂತವರಿದ್ದಾರೆ. ‘ಬಿ’ ದರ್ಜೆಯ ಯಂತ್ರ ಅಗ್ಗವಲ್ಲ. ಒಳ್ಳೆಯವರೂ ಇದ್ದಾರೆ. ಸೇಡಂ ರಸ್ತೆಯ ಕಡೆ ಒಬ್ಬ ಡಾಕ್ಟರಮ್ಮ ಮೊಹರಾದ ಚೀಲವನ್ನು ನನ್ನ ಕಣ್ಣೆದುರೇ ಹರಿದು, ಬಣ್ಣ ಬದಲಾದ ಪಟ್ಟಿಯನ್ನು ತೋರಿಸಿ, ಆಮೇಲೆ ಕನ್ನಡಿ ಕೈಗೆತ್ತಿಕೊಂಡರು. ಚೀಲದ ಮೇಲೆ ಪೆನ್ನಿನಲ್ಲಿ ತಾರೀಖು, ಯಾವ ಸುತ್ತಿನದು ಎಂಬ ಸಂಖ್ಯೆ. ಅವರ ಫೀ ಸ್ವಲ್ಪ ಜಾಸ್ತಿ. ಜಾಸ್ತಿ ಯಾಕೆಂದು ಜೇವರ್ಗಿಯಿಂದ ಬಸ್ಸಿಳಿದು ಬರುವ ರೋಗಿಗೆ ಹೇಗೆ ತಿಳಿಯಬೇಕು? ಅವರಿಗೆ ಕಾಣುವುದು ರೊಕ್ಕದ ವ್ಯತ್ಯಾಸ ಮಾತ್ರ. ಹೀಗೆ ಚೊಕ್ಕವಾಗಿ ಕೆಲಸ ಮಾಡುವವರು ರೋಗಿಗಳನ್ನು ಕಳೆದುಕೊಳ್ಳುತ್ತಾರೆ, ಕೈ ಬಿಗಿ ಹಿಡಿದವರು ಗೆಲ್ಲುತ್ತಾರೆ. ವರದಿ ಬಾಗಿಲಿಗೆ ಬಂದರೆ ಮೊದಲ ಲಾಭ ಆ ಡಾಕ್ಟರಮ್ಮನಂಥವರಿಗೇ. ಭಾರತೀಯ ದಂತ ವೈದ್ಯಕೀಯ ಸಂಘದವರು ವಿರೋಧಿಸುವ ಮೊದಲು ಇದನ್ನು ಯೋಚಿಸಲಿ.

ಇನ್ನೊಂದು ಮಾತು ನೇರವಾಗಿಯೇ ಹೇಳುತ್ತೇನೆ. ವರದಿ ಕಡತದಲ್ಲೇ ಉಳಿದರೆ ಅದಕ್ಕೆ ಬೆಲೆ ಕಟ್ಟುವವರು ಇಬ್ಬರೇ: ಬರೆದವನು, ಬರೆಸಿಕೊಂಡವನು. ಎಲ್ಲರೂ ಓದುವ ಹಾಗೆ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ‘ಆಟೋಕ್ಲೇವ್ ಸುಸ್ಥಿತಿಯಲ್ಲಿದೆ’ ಎಂದು ಸುಳ್ಳು ಬರೆದು ಸಹಿ ಹಾಕಲು ಎಂಥ ಅಧಿಕಾರಿಯೂ ಒಂದು ಸಲ ಯೋಚಿಸುತ್ತಾನೆ. ಮುಂದಿನ ತಿಂಗಳು ಅಲ್ಲಿಂದ ಸೋಂಕು ಹಬ್ಬಿದರೆ ಆ ಸಹಿ ಅವನದೇ ತಾನೆ.

ತಕ್ಷಣ ಆಗಬಹುದಾದದ್ದು ಇಷ್ಟು. ಮೊದಲ ಸುತ್ತಿಗೆ ದಂಡ ಬೇಡ. ಜಗತ್ ವೃತ್ತದಿಂದ ಸ್ಟೇಷನ್ ರಸ್ತೆಯವರೆಗಿನ ದವಾಖಾನೆಗಳಿಂದ ಶುರು ಮಾಡಿ, ಆಳಂದ, ಚಿಂಚೋಳಿ, ಅಫಜಲಪುರಕ್ಕೂ ಹೋಗಿ. ಮುನ್ಸೂಚನೆ ಇಲ್ಲದೆ, ಆದರೆ ರೋಗಿಗಳಿರುವ ಸಂಜೆಯ ಹೊತ್ತಿಗೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಎಲ್ಲವೂ ತೊಳೆದಿಟ್ಟಿರುತ್ತದೆ. ಅರಿವಳಿಕೆ ಬಾಟಲಿ ಹೇಗಿದೆ ನೋಡಲಿ, ಆಟೋಕ್ಲೇವನ್ನು ಎದುರಿಗೇ ಒಂದು ಸುತ್ತು ಓಡಿಸಲಿ, ಕುರ್ಚಿಗೆ ನೀರು ಕೊಡುವ ಬಾಟಲಿಯ ತಳದಲ್ಲಿ ಪಾಚಿಯ ಲೋಳೆ ಇದೆಯೇ ಎಂದು ಬೆರಳಾಡಿಸಲಿ, ಹಳದಿ ಚೀಲ ಒಯ್ದವರ ರಸೀದಿ ಕೇಳಲಿ. ಆ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ರಸೀದಿಯ ತಾರೀಖೇ ಎಲ್ಲ ಹೇಳುತ್ತದೆ. ಆಕ್ಸಿಜನ್ ಸಿಲಿಂಡರಿನಲ್ಲಿ ಆಕ್ಸಿಜನ್ ಇದೆಯೇ, ಅಲರ್ಜಿಯ ಆಘಾತಕ್ಕೆ ತುರ್ತಾಗಿ ಕೊಡುವ ಅಡ್ರಿನಲಿನ್ ಆಂಪುಲ್ ಎಲ್ಲಿದೆ ಎಂದು ಡಾಕ್ಟರನ್ನಲ್ಲ, ಸಹಾಯಕಿಯನ್ನು ಕೇಳಲಿ. ಕೊರತೆ ಕಂಡರೆ ತಿಂಗಳೊಂದು ಅವಧಿ ಕೊಟ್ಟು ಮತ್ತೆ ಹೋಗಲಿ, ಎರಡನೆಯ ಸಲ ಕಂಡದ್ದನ್ನೂ ಮೊದಲಿನದರ ಕೆಳಗೇ ಬರೆಯಲಿ. ಆ ಸಹಾಯಕಿಯರಿಗೆ ದಂತ ಕಾಲೇಜಿನಲ್ಲಿ ಎರಡು ದಿನದ ತರಬೇತಿ, ಲಸಿಕೆ ಕೊಡಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ ಎಂದು ನನ್ನ ಅಂದಾಜು.

ಓದುವ ನಾಗರಿಕರಿಗೂ ಒಂದು ಮಾತು. ಕುರ್ಚಿಯಲ್ಲಿ ಮಲಗುವ ಮೊದಲು ‘ಪ್ಯಾಕೆಟ್ ನನ್ನ ಮುಂದೆ ಹರೀರಿ’ ಎನ್ನಲು ನಾಚಿಕೊಳ್ಳಬೇಡಿ. ಸಿಟ್ಟಾಗುವ ಡಾಕ್ಟರಿದ್ದರೆ ಎದ್ದು ಬನ್ನಿ, ಹಲ್ಲುನೋವು ಇನ್ನೊಂದು ಗಂಟೆ ತಡೆಯುತ್ತದೆ.

ಈ ಪತ್ರದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಜತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿಯೂ ಇದೆ. ಕೇಳಿರುವುದು ಮೂರು ಸಂಗತಿ: ಜಿಲ್ಲೆಯಲ್ಲಿ ನೋಂದಾಯಿತ ಹಲ್ಲಿನ ದವಾಖಾನೆಗಳ ಪಟ್ಟಿ, ಪ್ರತಿಯೊಂದರೊಳಗೆ ಅಧಿಕಾರಿಗಳು ಕೊನೆಯ ಸಲ ಕಾಲಿಟ್ಟ ತಾರೀಖು, ಆಗ ಬರೆದ ವರದಿಯ ನಕಲು. ಕಾನೂನಿನ ಪ್ರಕಾರ ಉತ್ತರಕ್ಕೆ ಮೂವತ್ತು ದಿನ. ಬಂದ ಉತ್ತರವನ್ನೂ ಹೀಗೇ ಎಲ್ಲರೂ ಓದುವಂತೆ ಪ್ರಕಟಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ
ಕಲಬುರಗಿ